ಔಷಧಿ ಚೀಟಿ, ಮೆಡಿಕಲ್ ಶಾಪ್, ಕಾಯ್ದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಡಿಕಲ್ ಶಾಪಿನ ಕೌಂಟರ್ ಮುಂದೆ ಆಗುವ ತಕರಾರುಗಳ ಬಗ್ಗೆ. ಉತ್ತರಗಳಿಗೆ ಮುಖ್ಯ ಆಧಾರ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರ ಅಡಿಯಲ್ಲಿ ಬಂದ 1945ರ ನಿಯಮಗಳು ಮತ್ತು 1948ರ ಫಾರ್ಮಸಿ ಕಾಯ್ದೆ. ಇವು ಕೇಂದ್ರದ ಕಾಯ್ದೆಗಳು. ಆದರೆ ಅಂಗಡಿಗೆ ಪರವಾನಗಿ ಕೊಡುವುದು, ತಪಾಸಣೆ ಮಾಡುವುದು, ಪರವಾನಗಿ ಅಮಾನತು ಮಾಡುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಕೆಲಸ. ಫಾರ್ಮಸಿಸ್ಟ್‌ಗಳ ನೋಂದಣಿ ರಾಜ್ಯ ಫಾರ್ಮಸಿ ಕೌನ್ಸಿಲಿನದು.

ಆರು ವರ್ಷದಿಂದ ಬಿಪಿಗೆ ಆಮ್ಲೋಡಿಪಿನ್ 5 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಇಷ್ಟು ದಿನ ಹಳೆಯ ಚೀಟಿಗೇ ಮಾತ್ರೆ ಕೊಡುತ್ತಿದ್ದವರು ಈಗ ಹೊಸ ಚೀಟಿ ತನ್ನಿ ಅನ್ನುತ್ತಾರೆ. ಡಾಕ್ಟರ್ ಚೀಟಿಗೂ ಅವಧಿ ಇರುತ್ತದೆಯೇ? (ಹಾಸನ)

ನಿಯಮಗಳು ಚೀಟಿಗೆ ಇಷ್ಟು ತಿಂಗಳು ಎಂದು ಆಯಸ್ಸು ಕಟ್ಟಿಲ್ಲ. ಅವು ಲೆಕ್ಕ ಹಾಕುವುದು ಎಷ್ಟು ಸಲ ಕೊಡಬಹುದು ಎಂಬುದನ್ನು. 65ನೇ ನಿಯಮದ 11ನೇ ಉಪನಿಯಮದ ಪ್ರಕಾರ, ಒಂದಕ್ಕಿಂತ ಹೆಚ್ಚು ಸಲ ಕೊಡಬಹುದು ಎಂದು ವೈದ್ಯರು ಚೀಟಿಯಲ್ಲೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ಇಂತಿಷ್ಟು ಸಲ, ಇಷ್ಟು ದಿನದ ಅಂತರದಲ್ಲಿ ಎಂದು ಬರೆದಿದ್ದರೆ ಅದರಂತೆಯೇ ಕೊಡಬೇಕು. ನಿಮಗೆ ಇಷ್ಟು ವರ್ಷ ಹಳೆಯ ಚೀಟಿಗೆ ಕೊಟ್ಟಿದ್ದು ಪರಿಚಯದ ಮೇಲೆ ನಡೆದ ರೂಢಿ, ಅಷ್ಟೇ. ಈಗ ಕೇಳುತ್ತಿರುವುದು ನಿಯಮ.

ಇದಕ್ಕೆ ಪರಿಹಾರ ಅಂಗಡಿಯಲ್ಲಿಲ್ಲ, ಡಾಕ್ಟರ ಮೇಜಿನ ಮೇಲಿದೆ. ದೀರ್ಘಕಾಲದ ಕಾಯಿಲೆಯವರ ಚೀಟಿಯಲ್ಲಿ ನಮ್ಮ ಕಡೆ ಹೆಚ್ಚಾಗಿ ‘ಸಿಎಸ್‌ಟಿ’ ಎಂಬ ಮೂರಕ್ಷರ ಇರುತ್ತದೆ, ಅಂದರೆ ಹಿಂದಿನ ಚಿಕಿತ್ಸೆಯನ್ನೇ ಮುಂದುವರಿಸಿ ಎಂದು. ಅದರಲ್ಲಿ ಔಷಧಿಯ ಹೆಸರಿಲ್ಲ, ಪ್ರಮಾಣವಿಲ್ಲ, ಎಷ್ಟು ಮಾತ್ರೆ, ಎಷ್ಟು ಸಲ ಎಂಬುದೂ ಇಲ್ಲ. 10ನೇ ಉಪನಿಯಮ ಕೇಳುವುದು ಇವನ್ನೇ: ಚೀಟಿ ಬರಹದಲ್ಲಿರಬೇಕು, ವೈದ್ಯರ ಸಹಿ ಮತ್ತು ತಾರೀಖು ಬೇಕು, ರೋಗಿಯ ಹೆಸರು ವಿಳಾಸ ಬೇಕು, ಕೊಡಬೇಕಾದ ಒಟ್ಟು ಪ್ರಮಾಣ ಮತ್ತು ಡೋಸ್ ಬೇಕು. ಹಾಗಾಗಿ ಮುಂದಿನ ಸಲ ಹೋದಾಗ, ‘ಆಮ್ಲೋಡಿಪಿನ್ 5 ಮಿಲಿಗ್ರಾಂ, ಬೆಳಿಗ್ಗೆ ಒಂದು, 30 ಮಾತ್ರೆ, 30 ದಿನಕ್ಕೊಮ್ಮೆಯಂತೆ ಒಟ್ಟು 6 ಸಲ ಕೊಡಬಹುದು’ ಎಂದು ಬರೆಸಿಕೊಳ್ಳಿ. ಇಷ್ಟು ಬರೆಯಲು ವೈದ್ಯರಿಗೆ ಹತ್ತು ಸೆಕೆಂಡ್ ಸಾಕು.

ಪ್ರತಿ ಸಲ ಕೊಟ್ಟಾಗ ಅಂಗಡಿಯವರು ವೈದ್ಯರ ಸಹಿಯ ಮೇಲ್ಭಾಗದಲ್ಲಿ ತಮ್ಮ ಹೆಸರು, ವಿಳಾಸ, ಕೊಟ್ಟ ತಾರೀಖು ನಮೂದಿಸಬೇಕು. ಸಾಮಾನ್ಯವಾಗಿ ರಬ್ಬರ್ ಸ್ಟ್ಯಾಂಪ್ ಹೊಡೆಯುತ್ತಾರೆ. ಚೀಟಿ ಕೊಳೆಯಾಯಿತು ಎಂದು ಬೇಸರಪಡಬೇಡಿ. ಆರರಲ್ಲಿ ಎಷ್ಟು ಸಲ ಮುಗಿಯಿತು ಎಂಬುದಕ್ಕೆ ಆ ಮುದ್ರೆಯೇ ಲೆಕ್ಕ.

ಚೀಟಿ ಸಿಗುವವರೆಗೆ ಮಾತ್ರೆ ಬಿಟ್ಟು ಕೂರುವುದು ಬೇಡ. ಬಿಪಿ ಮಾತ್ರೆಗಳಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ತೊಂದರೆ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ವೈದ್ಯರಿಗೆ ಫೋನ್ ಮಾಡಿ.

ಕೆಲವು ಸ್ಟ್ರಿಪ್ ಮೇಲೆ ‘ಆರ್‌ಎಕ್ಸ್’, ಕೆಲವದರ ಮೇಲೆ ಅದೇ ಕೆಂಪಕ್ಷರದಲ್ಲಿ, ಇನ್ನು ಕೆಲವದರಲ್ಲಿ ಉದ್ದಕ್ಕೆ ಕೆಂಪು ಗೀಟು. ಇವುಗಳಲ್ಲಿ ವ್ಯತ್ಯಾಸ ಏನು? (ಪುತ್ತೂರು)

ಅಂಗಡಿಯಲ್ಲಿ ನಿಮ್ಮನ್ನು ಏನು ಕೇಳುತ್ತಾರೆ ಎಂಬುದು ಬಹುಮಟ್ಟಿಗೆ ಈ ಗುರುತಿನಿಂದಲೇ ತೀರ್ಮಾನವಾಗುತ್ತದೆ.

ಬರೀ ಆರ್‌ಎಕ್ಸ್ ಇದ್ದರೆ ಅದು ಷೆಡ್ಯೂಲ್ ಎಚ್ ಪಟ್ಟಿಯ ಔಷಧಿ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಚಿಲ್ಲರೆ ಮಾರುವಂತಿಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಅಚ್ಚಾಗಿರುತ್ತದೆ. ಬಿಪಿ ಮಾತ್ರೆಗಳು, ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್ ಈ ಗುಂಪಿನವು.

ಕೆಂಪು ಆರ್‌ಎಕ್ಸ್, ಜೊತೆಗೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇದ್ದರೆ ಎಚ್1. 2013ರಲ್ಲಿ ಅಧಿಸೂಚನೆಯಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಪಟ್ಟಿ ಇದು. ಆರಂಭದಲ್ಲಿ 46 ಔಷಧಿಗಳಿದ್ದವು. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್, ಮೆರೊಪೆನೆಮ್‌ನಂಥ ಮೇಲಿನ ದರ್ಜೆಯ ಆಂಟಿಬಯಾಟಿಕ್‌ಗಳು, ಐಸೊನಿಯಜಿಡ್‌ನಂಥ ಕ್ಷಯದ ಔಷಧಿಗಳು, ಆಲ್‌ಪ್ರಜೊಲಾಮ್, ಡಯಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್, ಕೋಡೀನ್‌ನಂಥ ಚಟ ಹತ್ತಿಸಬಲ್ಲವು ಇದರಲ್ಲಿವೆ. ಪಟ್ಟಿ ಬೇರೆ ಮಾಡಿದ್ದಕ್ಕೆ ಕಾರಣ ಸರಳ. ಷೆಡ್ಯೂಲ್ ಎಚ್‌ನಲ್ಲಿ ನೂರಾರು ಔಷಧಿಗಳಿದ್ದು, ಎಲ್ಲದರ ಮೇಲೂ ಒಂದೇ ಬಿಗಿ ಇಡುವುದು ಆಗದ ಮಾತಾಗಿತ್ತು.

ಕೆಂಪಕ್ಷರದ ‘ಎನ್‌ಆರ್‌ಎಕ್ಸ್’ ಎಂದರೆ ಆ ಔಷಧಿ 1985ರ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ‘ಎಕ್ಸ್‌ಆರ್‌ಎಕ್ಸ್’ ಎಂದರೆ ಷೆಡ್ಯೂಲ್ ಎಕ್ಸ್: ಮಕ್ಕಳ ಏಕಾಗ್ರತೆಯ ತೊಂದರೆಗೆ ಕೊಡುವ ಮಿಥೈಲ್‌ಫೆನಿಡೇಟ್, ಅರಿವಳಿಕೆಯ ಕೆಟಮಿನ್ ಮುಂತಾದವು. ಇವಕ್ಕೆ ಎರಡು ಪ್ರತಿ ಚೀಟಿ ಬೇಕು; ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ. ಮಾರಲು ನಮೂನೆ 20-ಎಫ್ ಎಂಬ ಪ್ರತ್ಯೇಕ ಪರವಾನಗಿ ಬೇಕು, ದಾಸ್ತಾನನ್ನು ಅದಕ್ಕೇ ಮೀಸಲಾದ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು. ಇಷ್ಟೆಲ್ಲ ರಗಳೆ ಬೇಡ ಎಂದು ಹೆಚ್ಚಿನ ಅಂಗಡಿಗಳು ಈ ಪರವಾನಗಿಯನ್ನೇ ಪಡೆದಿರುವುದಿಲ್ಲ. ಆದ್ದರಿಂದ ನಾಲ್ಕು ಅಂಗಡಿ ಸುತ್ತಿದರೂ ಸಿಗದಿದ್ದರೆ ಚೀಟಿ ಬರೆದ ಆಸ್ಪತ್ರೆಯ ಫಾರ್ಮಸಿಯಲ್ಲೇ ಕೇಳುವುದು ಮೇಲು.

ಉದ್ದದ ಕೆಂಪು ಗೀಟು 2016ರ ಆಂಟಿಬಯಾಟಿಕ್ ಜಾಗೃತಿ ಅಭಿಯಾನದಿಂದ ಜನರ ಬಾಯಿಗೆ ಬಿತ್ತು. ಅಕ್ಷರ ಓದಲು ಬಾರದವರಿಗೂ ‘ಗೀಟು ಇದ್ದದ್ದನ್ನು ನಾವಾಗಿ ನುಂಗಬಾರದು’ ಎಂದು ಹೇಳಿಕೊಡಬಹುದಾದ ಗುರುತು ಅದು.

ಪ್ಯಾರಸಿಟಮಾಲ್ ಮಾತ್ರೆ ಈ ಯಾವ ಪಟ್ಟಿಯಲ್ಲೂ ಇಲ್ಲ. ಇನ್ನು ಮುಲಾಮುಗಳ ವಿಷಯ. ಮೈಗೆ ಹಚ್ಚುವುದಕ್ಕೆ ಚೀಟಿ ಯಾಕೆ ಅನ್ನುವವರಿದ್ದಾರೆ. 2018ರ ಮಾರ್ಚ್‌ನಲ್ಲಿ ನಿಯಮ ತಿದ್ದಿ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯ ಕಟ್ಟಿಗೆ ತಂದರು. ಬಿಳುಪಾಗಲೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿ ಚರ್ಮ ತೆಳುವಾಗಿ, ಕೆಂಪಗೆ ನರ ಕಾಣುವಂತಾಗಿ ಚರ್ಮವೈದ್ಯರ ಬಳಿ ಬರುವವರ ಸಂಖ್ಯೆ ಅಷ್ಟಿತ್ತು. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಎರಡು ದಿನ ಕಡಿತ ನಿಂತಂತೆ ಅನಿಸಿ, ಆಮೇಲೆ ದುಪ್ಪಟ್ಟು ಹರಡುತ್ತದೆ.

ಚೀಟಿಯಲ್ಲಿ ಬರೆದ ಕಂಪನಿ ಮಾತ್ರೆ ಇಲ್ಲ, ಇದೂ ಅದೇ ಎಂದು ಬೇರೆ ಕಂಪನಿಯದನ್ನು ಕೊಟ್ಟರು. ಒಪ್ಪಬಹುದೇ? ಜನೌಷಧಿ ಕೇಂದ್ರದಲ್ಲೂ ಹೀಗೆಯೇ ಅಲ್ಲವೇ? (ತುಮಕೂರು)

ಷೆಡ್ಯೂಲ್ ಎಚ್ ಮತ್ತು ಎಕ್ಸ್ ಔಷಧಿಗಳ ಮಟ್ಟಿಗೆ ನಿಯಮ ಕಟ್ಟುನಿಟ್ಟು. ಬರೆದದ್ದರ ಬದಲಿಗೆ ಬೇರೊಂದನ್ನು, ಒಳಗಿನ ಔಷಧಿ ಅದೇ ಆಗಿದ್ದರೂ, ಅಂಗಡಿಯವರು ತಾವಾಗಿ ಕೊಡುವಂತಿಲ್ಲ. ಅದು 65ನೇ ನಿಯಮದ 11-ಎ ಉಪನಿಯಮ. ವೈದ್ಯರು ಬ್ರಾಂಡ್ ಬಿಟ್ಟು ಔಷಧಿಯ ಮೂಲ ಹೆಸರನ್ನೇ ಬರೆದಿದ್ದರೆ ಆಗ ಯಾವ ಕಂಪನಿಯದನ್ನು ಕೊಟ್ಟರೂ ಅದು ಬದಲಿಯಲ್ಲ. ಮೂಲ ಹೆಸರನ್ನು ಓದುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ವೈದ್ಯರ ನೀತಿ ನಿಯಮಾವಳಿಗೇ ತಿದ್ದುಪಡಿ ಆಗಿದೆ. ಆದ್ದರಿಂದ ಜನೌಷಧಿಯಲ್ಲಿ ಕೊಳ್ಳುವ ಇರಾದೆ ಇದ್ದರೆ ಬರೆಯುವ ಹೊತ್ತಿಗೇ ಡಾಕ್ಟರಿಗೆ ಹೇಳಿಬಿಡಿ. ಅಲ್ಲಿಯೂ ಚೀಟಿ ಬೇಕು, ಫಾರ್ಮಸಿಸ್ಟ್ ಇರಬೇಕು. ಬೆಲೆ ಕಡಿಮೆ ಎಂಬುದನ್ನು ಬಿಟ್ಟರೆ ಉಳಿದ ಕಾನೂನು ಒಂದೇ.

ಕಾನೂನು ಒತ್ತಟ್ಟಿಗಿರಲಿ, ಬದಲಿ ಮಾತ್ರೆಯಲ್ಲಿ ನಿಜವಾಗಿ ಎಡವಟ್ಟಾಗುವುದು ಹೆಸರಿನ ಬಾಲದಲ್ಲಿ. ಟೆಲ್ಮಿಸಾರ್ಟಾನ್ 40 ಬರೆದಿರುತ್ತಾರೆ, ಕೈಗೆ ಬರುವುದು ಅದೇ ಹೆಸರಿನ ಮುಂದೆ ‘ಎಚ್’ ಅಥವಾ ‘ಎಎಂ’ ಇರುವ ಸ್ಟ್ರಿಪ್. ಎಚ್ ಇದ್ದರೆ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್ ಸೇರಿದೆ, ಎಎಂ ಇದ್ದರೆ ಆಮ್ಲೋಡಿಪಿನ್ ಸೇರಿದೆ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ‘ಎಂ’ ಎಂದರೆ ಹೆಚ್ಚಾಗಿ ಮೆಟ್‌ಫಾರ್ಮಿನ್ ಜೋಡಿ. ‘ಎಸ್‌ಆರ್’, ‘ಎಕ್ಸ್‌ಆರ್’ ಇದ್ದರೆ ನಿಧಾನಕ್ಕೆ ಕರಗುವ ಮಾತ್ರೆ. ಅದನ್ನು ಮುರಿದು ಅರ್ಧ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರಬಹುದು.

ಸ್ಟ್ರಿಪ್ ಕೈಗೆ ಬಂದಾಗ ಬ್ರಾಂಡ್ ಹೆಸರನ್ನಲ್ಲ, ಮೂಲ ಹೆಸರನ್ನು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು ಚೀಟಿಯ ಜೊತೆ ಹಿಡಿದು ನೋಡಿ. ಮೂಲ ಹೆಸರು ಬ್ರಾಂಡಿಗಿಂತ ಎರಡು ಅಳತೆ ದೊಡ್ಡಕ್ಷರದಲ್ಲಿ ಇರಬೇಕೆಂದು 2018ರಿಂದ ನಿಯಮವಿದೆ. ಅಪಸ್ಮಾರದ ಫೆನಿಟಾಯಿನ್, ಥೈರಾಯ್ಡ್‌ನ ಲಿವೊಥೈರಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇಂಥವುಗಳಲ್ಲಂತೂ ಕಂಪನಿ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಡೋಸ್‌ನಲ್ಲಿ ತುಸು ವ್ಯತ್ಯಾಸವಾದರೂ ಇವುಗಳ ಪರಿಣಾಮ ಏರುಪೇರಾಗುತ್ತದೆ.

ಅಮ್ಮನಿಗೆ ರಾತ್ರಿ ನಿದ್ದೆಗೆ ಆಲ್‌ಪ್ರಜೊಲಾಮ್ ಬರೆದಿದ್ದಾರೆ. ಅಂಗಡಿಯವರು ಚೀಟಿ ನೋಡಿ ರಿಜಿಸ್ಟರಿನಲ್ಲಿ ಹೆಸರೆಲ್ಲ ಬರೆದುಕೊಂಡರು. ನಾವೇನು ಅಪರಾಧಿಗಳೇ? (ಬೆಳಗಾವಿ)

ಖಂಡಿತ ಅಲ್ಲ. ಎಚ್1 ಔಷಧಿ ಕೊಡುವಾಗ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿ, ಕೊಟ್ಟ ಪ್ರಮಾಣ, ಇವಿಷ್ಟನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕು. ಇನ್‌ಸ್ಪೆಕ್ಟರ್ ಬಂದರೆ ಖರೀದಿ ಬಿಲ್ಲಿನ ಮೊತ್ತದಿಂದ ರಿಜಿಸ್ಟರಿನಲ್ಲಿ ಮಾರಿದ್ದನ್ನು ಕಳೆದು ಉಳಿದ ದಾಸ್ತಾನಿಗೆ ತಾಳೆ ನೋಡುತ್ತಾರೆ. ಹತ್ತು ಮಾತ್ರೆ ಲೆಕ್ಕಕ್ಕೆ ಸಿಗದಿದ್ದರೂ ವಿವರಣೆ ಕೊಡಬೇಕಾದವರು ಅಂಗಡಿಯವರು. ಬರೆದುಕೊಂಡ ಅಂಗಡಿ ಒಳ್ಳೆಯ ಅಂಗಡಿ ಎಂದೇ ತಿಳಿಯಿರಿ.

ಇಂಥ ಮಾತ್ರೆಯನ್ನು ಪಕ್ಕದ ಮನೆಯವರು ‘ನನಗೂ ನಿದ್ದೆ ಬರುತ್ತಿಲ್ಲ, ಎರಡು ಕೊಡಿ’ ಎಂದರೆ ಕೊಡಬೇಡಿ. ಅಮ್ಮನಿಗೂ ದಿನಾ ತೆಗೆದುಕೊಂಡು ರೂಢಿಯಾಗಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ನಡುಕ, ದಿಗಿಲು, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ಡೋಸ್ ಹಂತಹಂತವಾಗಿ ಇಳಿಸುವುದನ್ನು ವೈದ್ಯರೇ ಬರೆದುಕೊಡಬೇಕು.

ಐದು ದಿನಕ್ಕೆ 10 ಮಾತ್ರೆ ಬರೆದಿದ್ದರು. 15ರ ಪೂರ್ತಿ ಸ್ಟ್ರಿಪ್ ತಗೊಂಡರೆ ಮಾತ್ರ ಕೊಡುತ್ತೇವೆ ಎಂದರು. (ಕೊಪ್ಪಳ)

ಹಾಗೆ ಹೇಳುವಂತಿಲ್ಲ. ಚೀಟಿಯಲ್ಲಿ ಬರೆದ ಒಟ್ಟು ಪ್ರಮಾಣವೇ ಮಿತಿ. ಐದು ಮಾತ್ರೆ ಹೆಚ್ಚು ಕೊಟ್ಟರೆ ಚೀಟಿಯನ್ನು ಮೀರಿದವರು ಅವರೇ. 2013ರ ಔಷಧ ಬೆಲೆ ನಿಯಂತ್ರಣ ಆದೇಶವೂ ನಿಮ್ಮ ಪರವಾಗಿದೆ: ಬಿಡಿಯಾಗಿ ಮಾರುವಾಗ ಬೆಲೆ ಪೂರ್ತಿ ಪ್ಯಾಕಿನ ಬೆಲೆಯ ಅನುಪಾತವನ್ನು ಮೀರಬಾರದು, ಇರುವ ಔಷಧಿಯನ್ನು ಕೊಳ್ಳಲು ಬಂದವರಿಗೆ ಇಲ್ಲ ಎನ್ನಬಾರದು. 15ಕ್ಕೆ 150 ರೂಪಾಯಿ ಆದರೆ 10ಕ್ಕೆ 100.

ಅಂಗಡಿಯವರ ಕಷ್ಟವೂ ಸುಳ್ಳಲ್ಲ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಅಚ್ಚಾಗಿರುವ ತುದಿ ಹೋದರೆ ಉಳಿದ ತುಂಡನ್ನು ಮುಂದಿನವರು ಮುಟ್ಟುವುದಿಲ್ಲ, ಕಂಪನಿಗೆ ವಾಪಸ್ ಕಳಿಸಲೂ ಆಗುವುದಿಲ್ಲ. ಅಚ್ಚಿಲ್ಲದ ತುದಿಯಿಂದ ಕತ್ತರಿಸಬೇಕು ಎಂಬುದು ಕೌಂಟರಿನ ಮೊದಲ ಪಾಠ. ಹಾಗೆ ಕತ್ತರಿಸಿದಾಗ ನಿಮ್ಮ ಪಾಲಿಗೆ ಬರುವುದು ಹೆಸರೂ ದಿನಾಂಕವೂ ಇಲ್ಲದ ತುಂಡು. ಆದ್ದರಿಂದ ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ಮತ್ತು ಎಕ್ಸ್‌ಪೈರಿ ಇದೆಯೇ ನೋಡಿ, ತುಂಡನ್ನು ಅದೇ ಬಿಲ್ಲಿನಲ್ಲಿ ಸುತ್ತಿಡಿ.

ಡಾಕ್ಟರ್ ಬರೆದದ್ದು ಅಂಗಡಿಯವರಿಗೂ ಅರ್ಥವಾಗಲಿಲ್ಲ. ಅಂದಾಜಿನ ಮೇಲೆ ಕೊಟ್ಟರು. (ಸಿಂಧನೂರು)

ಅಂದಾಜಿನ ಮೇಲೆ ಕೊಟ್ಟಿದ್ದರೆ ಅದನ್ನು ನುಂಗಬೇಡಿ. ಅನುಮಾನ ಬಂದರೆ ಬರೆದ ವೈದ್ಯರಿಗೆ ಫೋನ್ ಮಾಡಿ ಕೇಳುವುದು ಫಾರ್ಮಸಿಸ್ಟ್‌ನ ಕರ್ತವ್ಯ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಅವರನ್ನು ಬರೀ ಡಬ್ಬ ಇಳಿಸಿಕೊಡುವವರು ಎಂದು ನೋಡುವುದಿಲ್ಲ. ಚೀಟಿಯನ್ನು ಪರಿಶೀಲಿಸುವುದೂ, ಹೇಗೆ ತೆಗೆದುಕೊಳ್ಳಬೇಕು ಎಂದು ರೋಗಿಗೆ ತಿಳಿಸುವುದೂ ಅವರ ಕೆಲಸದ ಭಾಗ.

ಚೀಟಿಯಲ್ಲಿ ನೀವೇ ನೋಡಬಹುದಾದ ಜಾಗಗಳಿವೆ. ಒಂದು, ಸೊನ್ನೆ ಮತ್ತು ಚುಕ್ಕಿ. ‘.5’ ಎಂದು ಬರೆದರೆ ಚುಕ್ಕಿ ಮಾಸಿ 5 ಆಗುತ್ತದೆ, ‘5.0’ ಎಂದು ಬರೆದರೆ 50 ಆಗುತ್ತದೆ. ಸರಿಯಾದ ರೀತಿ ‘0.5’ ಮತ್ತು ಬರೀ ‘5’. ಇನ್ನೊಂದು, ಮೈಕ್ರೊಗ್ರಾಂ ಮತ್ತು ಮಿಲಿಗ್ರಾಂ. ಥೈರಾಯ್ಡ್ ಮಾತ್ರೆ 50 ಮೈಕ್ರೊಗ್ರಾಂ. 50 ಮಿಲಿಗ್ರಾಂ ಅದರ ಸಾವಿರ ಪಟ್ಟು. ಅಷ್ಟು ದೊಡ್ಡ ಮಾತ್ರೆ ಅಂಗಡಿಯಲ್ಲಿ ಇರದ ಕಾರಣ ಈ ತಪ್ಪು ಸಾಮಾನ್ಯವಾಗಿ ಕೌಂಟರಿನಲ್ಲೇ ಸಿಕ್ಕಿಬೀಳುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಅದನ್ನು ಕೊಡುವುದು ವಾರಕ್ಕೊಮ್ಮೆ. ಚೀಟಿಯಲ್ಲಿ ಅಭ್ಯಾಸಬಲದಿಂದ ‘1-0-0’ ಎಂದು ಬಿದ್ದರೆ, ಅಥವಾ ವಾರಕ್ಕೆ ಎಂಬುದು ಗೀಚಿನಲ್ಲಿ ಮುಚ್ಚಿಹೋದರೆ, ರೋಗಿ ದಿನಾ ನುಂಗುತ್ತಾರೆ. ಬಾಯಲ್ಲಿ ಹುಣ್ಣು, ಜ್ವರ, ಮಜ್ಜೆಯಲ್ಲಿ ರಕ್ತಕಣ ತಯಾರಾಗುವುದೇ ನಿಲ್ಲುವುದು, ಕೊನೆಗೆ ಸಾವು. ಜಗತ್ತಿನ ಎಲ್ಲ ಕಡೆ ಮತ್ತೆ ಮತ್ತೆ ಆಗಿರುವ ತಪ್ಪು ಇದು. ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಇದ್ದರೆ ‘ಪ್ರತಿ ಭಾನುವಾರ ಮಾತ್ರ’ ಎಂದು ವಾರದ ಹೆಸರು ಹಾಕಿ ಚೀಟಿಯಲ್ಲಿ ಬರೆಸಿ, ಡಬ್ಬದ ಮೇಲೂ ಬರೆಯಿರಿ.

ಫೋನಿನಲ್ಲಿ ಡಾಕ್ಟರ್ ನೋಡಿ ವಾಟ್ಸ್‌ಆ್ಯಪ್‌ಗೆ ಚೀಟಿ ಕಳಿಸಿದರು. ಅಂಗಡಿಯವರು ಕಾಗದದ ಚೀಟಿಯೇ ಬೇಕು ಅನ್ನುತ್ತಾರೆ. (ಬೆಂಗಳೂರು)

2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಸಹಿ ಇರುವ ಚೀಟಿಯ ಫೋಟೊ, ಸ್ಕ್ಯಾನ್ ಪ್ರತಿ ಅಥವಾ ಇ-ಚೀಟಿ ಕಳಿಸಲು ವೈದ್ಯರಿಗೆ ಅವಕಾಶ ಕೊಟ್ಟಿದೆ. ವೈದ್ಯರ ನೋಂದಣಿ ಸಂಖ್ಯೆ ಅದರಲ್ಲಿ ಇರಲೇಬೇಕು. ‘ಡೋಲೊ 1-1-1, 3 ದಿನ’ ಎಂದು ಟೈಪ್ ಮಾಡಿದ ಬರೀ ಮೆಸೇಜು ಚೀಟಿಯಲ್ಲ.

ಏನು ಬರೆಯಬಹುದು ಎಂಬುದಕ್ಕೂ ಹಂತಗಳಿವೆ. ಸಾಮಾನ್ಯ ಜ್ವರ, ಕೆಮ್ಮಿನಂಥವಕ್ಕೆ ಹೇಗೆ ಮಾತಾಡಿದರೂ ಬರೆಯಬಹುದಾದ ಪಟ್ಟಿ ಒಂದು. ಮೊದಲ ಸಲವೇ ಆದರೆ ವಿಡಿಯೊ ಕರೆಯಲ್ಲಿ ಮಾತ್ರ ಬರೆಯಬಹುದಾದದ್ದು ಇನ್ನೊಂದು. ಮುಖಾಮುಖಿ ನೋಡಿದ ರೋಗಿಗೆ ಅದೇ ಕಾಯಿಲೆಗೆ ಹೆಚ್ಚುವರಿಯಾಗಿ ಬರೆಯಬಹುದಾದದ್ದು ಮತ್ತೊಂದು. ಷೆಡ್ಯೂಲ್ ಎಕ್ಸ್ ಮತ್ತು ಮಾದಕ ವಸ್ತು ಕಾಯ್ದೆಯ ಔಷಧಿಗಳನ್ನು ಟೆಲಿಮೆಡಿಸಿನ್‌ನಲ್ಲಿ ಬರೆಯುವಂತೆಯೇ ಇಲ್ಲ. ಆಲ್‌ಪ್ರಜೊಲಾಮ್ ಎಚ್1 ಪಟ್ಟಿಯದಾದರೂ ಮಾದಕ ವಸ್ತು ಕಾಯ್ದೆಗೂ ಬರುತ್ತದೆ. ಅಂದರೆ ಫೋನಿನಲ್ಲಿ ಬರೆಸಿದ ಅದರ ಚೀಟಿಯನ್ನು ಅಂಗಡಿಯವರು ತಿರಸ್ಕರಿಸಿದರೆ ಅವರದೇ ಸರಿ.

ಉಳಿದವಕ್ಕೆ ಅಂಗಡಿಯವರ ಆತಂಕ ಬೇರೆ. ಫೋಟೊದ ಮೇಲೆ ಮುದ್ರೆ ಹೊಡೆಯಲು ಆಗುವುದಿಲ್ಲ, ಅದೇ ಚಿತ್ರ ಹಿಡಿದು ಐದು ಅಂಗಡಿಯಲ್ಲಿ ಔಷಧಿ ಕೊಳ್ಳಬಹುದು. ಎರಡು ರೂಪಾಯಿ ಕೊಟ್ಟು ಪ್ರಿಂಟ್ ತೆಗೆಸಿ ಒಯ್ದರೆ ಮುದ್ರೆಗೆ ಜಾಗ ಸಿಗುತ್ತದೆ, ಮಾತೂ ಮುಗಿಯುತ್ತದೆ. ಆನ್‌ಲೈನ್ ಔಷಧಿ ಮಾರಾಟಕ್ಕೆಂದೇ 2018ರಲ್ಲಿ ಬಂದ ಪ್ರತ್ಯೇಕ ನಿಯಮಗಳು ಕರಡಾಗಿಯೇ ಉಳಿದಿವೆ. ಆ್ಯಪ್‌ನಲ್ಲಿ ತರಿಸಿದರೂ ಕೊನೆಗೆ ಬಿಲ್ಲು ಮಾಡುವುದು ಪರವಾನಗಿ ಇರುವ ಒಂದು ಅಂಗಡಿಯೇ ಆಗಿರಬೇಕು. ಬಿಲ್ಲಿನಲ್ಲಿ ಪರವಾನಗಿ ಸಂಖ್ಯೆ ಹುಡುಕಿ.

ಊರಲ್ಲಿ ಮೆಡಿಕಲ್ ಶಾಪ್ ಇಡಬೇಕೆಂದಿದ್ದೇನೆ. ನಾನು ಬಿಕಾಂ. ಸ್ನೇಹಿತನ ಡಿ ಫಾರ್ಮಾ ಸರ್ಟಿಫಿಕೇಟ್ ಸಿಗುತ್ತದೆ. ಸಾಕೇ? (ಚಾಮರಾಜನಗರ)

ಸರ್ಟಿಫಿಕೇಟ್ ಸಾಲದು, ಸ್ನೇಹಿತರೇ ಬಂದು ಅಂಗಡಿಯಲ್ಲಿ ಇರಬೇಕು. ವೈದ್ಯರ ಚೀಟಿಗೆ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್‌ನಿಂದ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಮಾತ್ರ ಎಂಬುದು ಪರವಾನಗಿಯ ಷರತ್ತು. ನೋಂದಣಿ ಇಲ್ಲದವರು ಕೊಟ್ಟರೆ ಫಾರ್ಮಸಿ ಕಾಯ್ದೆಯ 42ನೇ ಕಲಮಿನಡಿ ಅದೇ ಪ್ರತ್ಯೇಕ ಅಪರಾಧ. ತಿಂಗಳಿಗೆ ಇಷ್ಟು ಎಂದು ಸರ್ಟಿಫಿಕೇಟ್ ಬಾಡಿಗೆಗೆ ಕೊಡುವ ದಂಧೆ ಎಲ್ಲರಿಗೂ ಗೊತ್ತಿರುವ ಗುಟ್ಟು. ಸಿಕ್ಕಿಬಿದ್ದ ದಿನ ನಿಮ್ಮ ಪರವಾನಗಿಯ ಜೊತೆ ಸ್ನೇಹಿತರ ನೋಂದಣಿಯೂ ಹೋಗುತ್ತದೆ. ಅವರು ಇನ್ನೊಂದು ಊರಿನಲ್ಲಿ ಸಂಬಳಕ್ಕಿದ್ದರೆ ಒಂದೇ ಹಾಜರಿ ಪುಸ್ತಕ ಸಾಕು, ಬಣ್ಣ ಬಯಲಾಗಲು.

ದಾರಿ ಸರಿ ಮಾಡಿಕೊಂಡು ಹೋಗುವುದಾದರೆ: ಅರ್ಜಿ ನಮೂನೆ 19ರಲ್ಲಿ. ಚಿಲ್ಲರೆ ಮಾರಾಟಕ್ಕೆ ಸಿಗುವ ಪರವಾನಗಿಗಳು ನಮೂನೆ 20 ಮತ್ತು 21, ಎರಡೂ ಬೇಕು. 21 ಇಲ್ಲದಿದ್ದರೆ ಲಸಿಕೆ, ಇನ್ಸುಲಿನ್‌ನಂಥವನ್ನು ಇಡುವಂತಿಲ್ಲ. ಜಾಗ ಕನಿಷ್ಠ 10 ಚದರ ಮೀಟರ್. ಚಿಲ್ಲರೆ ಮತ್ತು ಸಗಟು ಎರಡೂ ಒಂದೇ ಕಡೆ ಎಂದಾದರೆ 15. ಇದು ಗೋಡೆಯ ಒಳ ಅಳತೆ ಎಂದು ಹಿಡಿದು ನಕ್ಷೆ ಬರೆಸಿ. ಮೆಟ್ಟಿಲು, ಹೊರಗಿನ ಜಗಲಿ ಸೇರಿಸಿ 10 ತೋರಿಸಿದರೆ ತಪಾಸಣೆಗೆ ಬಂದವರು ಟೇಪ್ ಹಿಡಿದ ಕ್ಷಣ ಅರ್ಜಿ ನಿಂತುಹೋಗುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಯುವ ಫ್ರಿಜ್ ಬೇಕು, ಒಳಗೆ ಥರ್ಮಾಮೀಟರ್ ಇರಲಿ. ಇನ್ಸುಲಿನ್ ಅನ್ನು ಫ್ರೀಜರ್ ಗೂಡಿಗೆ ತಾಗಿಸಿ ಇಡಬಾರದು, ಹೆಪ್ಪುಗಟ್ಟಿ ಕರಗಿದ್ದು ನೋಡಲು ಸರಿಯಿದ್ದರೂ ಕೆಲಸ ಮಾಡುವುದಿಲ್ಲ.

ಪರವಾನಗಿ ಗ್ರಾಹಕರಿಗೆ ಕಾಣುವ ಜಾಗದಲ್ಲಿ ತೂಗುಹಾಕಬೇಕು. ಫಾರ್ಮಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ತಿಳಿಸಬೇಕು. 2017ರ ತಿದ್ದುಪಡಿಯ ನಂತರ ನವೀಕರಣದ ಬದಲು ಐದು ವರ್ಷಕ್ಕೊಮ್ಮೆ ಮುಂದುವರಿಕೆ ಶುಲ್ಕ ಕಟ್ಟುವ ಪದ್ಧತಿ ಬಂದಿದೆ; ಕೆಲವರು ಇನ್ನು ಜೀವನಪೂರ್ತಿ ಎಂದುಕೊಂಡು ಆ ದಿನಾಂಕವನ್ನೇ ಮರೆಯುತ್ತಾರೆ.

ನಿಮ್ಮ ಬಿಕಾಂ ವ್ಯರ್ಥವಲ್ಲ. ಸಗಟು ಪರವಾನಗಿಗೆ (20-ಬಿ, 21-ಬಿ) ಫಾರ್ಮಸಿಸ್ಟೇ ಬೇಕೆಂದಿಲ್ಲ. ಔಷಧಿ ವ್ಯವಹಾರದಲ್ಲಿ ಒಂದು ವರ್ಷ ಅನುಭವವಿರುವ ಪದವೀಧರ, ಅಥವಾ ನಾಲ್ಕು ವರ್ಷ ಅನುಭವವಿರುವ ಎಸ್ಸೆಸ್ಸೆಲ್ಸಿ ಪಾಸಾದವರು ಸಾಕು. ನಿಮ್ಮ ಊರಿನ ಜನಸಂಖ್ಯೆ 1000 ಮೀರದಿದ್ದರೆ ಇನ್ನೊಂದು ಸಣ್ಣ ಬಾಗಿಲಿದೆ. ನಿಯಮಗಳಲ್ಲಿನ ವಿನಾಯಿತಿ ಪಟ್ಟಿಯಾದ ಷೆಡ್ಯೂಲ್ ಕೆ ಪ್ರಕಾರ ಪ್ಯಾರಸಿಟಮಾಲ್, ಆ್ಯಸ್ಪಿರಿನ್ ಮಾತ್ರೆ, ನೋವಿನ ಬಾಮು, ಗ್ರೈಪ್ ವಾಟರ್, ಆ್ಯಂಟಾಸಿಡ್‌ನಂಥ ಮನೆಮದ್ದುಗಳನ್ನು ಕಿರಾಣಿ ಅಂಗಡಿಯಲ್ಲೇ ಪರವಾನಗಿ ಇಲ್ಲದೆ ಮಾರಬಹುದು. ಪರವಾನಗಿ ಇರುವವರಿಂದ ಕೊಂಡದ್ದಾಗಿರಬೇಕು, ಮೂಲ ಪ್ಯಾಕ್ ಒಡೆದಿರಬಾರದು.

ಊಟಕ್ಕೆ ಫಾರ್ಮಸಿಸ್ಟ್ ಮನೆಗೆ ಹೋದಾಗ ಅಂಗಡಿ ಮುಚ್ಚಬೇಕೇ? (ಶಿರಸಿ)

ಮುಚ್ಚಬೇಕಿಲ್ಲ. ಸೋಪು, ಡಯಾಪರ್, ಬ್ಯಾಂಡೇಜು ಮಾರಬಹುದು. ಚೀಟಿಯ ಔಷಧಿ ಕೊಡುವಂತಿಲ್ಲ. ಕರ್ತವ್ಯದಲ್ಲಿರುವಾಗ ಫಾರ್ಮಸಿಸ್ಟ್ ಬಿಳಿ ಕೋಟು ಹಾಕಿ, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಧರಿಸಬೇಕು ಎಂದಿದೆ. ಸೆಕೆಗೆ ಕೋಟು ಮೊಳೆಗೆ ನೇತಾಡುತ್ತಿರುತ್ತದೆ, ಅದು ಬೇರೆ ಮಾತು.

ಹಸುವಿಗೆ ಕಾಲು ನೋವು. ಮನುಷ್ಯರ ಡೈಕ್ಲೊಫೆನಾಕ್ ಇಂಜೆಕ್ಷನ್ನನ್ನೇ ಕೊಡಬಹುದೇ? ಅಂಗಡಿಯವರು ಪಶುವೈದ್ಯರ ಚೀಟಿ ಕೇಳಿದರು. (ರಾಮನಗರ)

ಕೊಡಲೇಬಾರದು. ಡೈಕ್ಲೊಫೆನಾಕ್ ಪಡೆದ ದನ ಸತ್ತು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಗುಂಪುಗುಂಪಾಗಿ ಸತ್ತ ಕಾರಣ 2006ರಲ್ಲೇ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. ಜನ ಮನುಷ್ಯರ ದೊಡ್ಡ ಬಾಟಲಿ ಕೊಂಡು ದನಕ್ಕೆ ಚುಚ್ಚತೊಡಗಿದರು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು 3 ಮಿಲಿಲೀಟರಿನ ಒಂದೇ ಡೋಸ್ ಪ್ಯಾಕಿಗೆ ಇಳಿಸಿದರು. ದನಕ್ಕೆ ಅಷ್ಟು ಸಾಲದು, ಹತ್ತಾರು ಒಡೆಯುವುದು ಯಾರಿಗೂ ಗಿಟ್ಟದು ಎಂಬ ಲೆಕ್ಕ. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳನ್ನೂ ಪಶುಗಳಿಗೆ ನಿಷೇಧಿಸಿದ್ದಾರೆ. ರಾಮದೇವರಬೆಟ್ಟದ ರಣಹದ್ದು ಧಾಮ ನಿಮ್ಮ ಪಕ್ಕದಲ್ಲೇ ಇದೆ. ಈ ನಿಯಮ ನಿಮ್ಮ ಊರಿಗೆ ಎಲ್ಲರಿಗಿಂತ ಹೆಚ್ಚು ಅನ್ವಯ. ಪಶುವೈದ್ಯರನ್ನು ಕೇಳಿದರೆ ಮೆಲಾಕ್ಸಿಕಾಮ್ ಬರೆದುಕೊಡುತ್ತಾರೆ. ಆ ಚೀಟಿಯಲ್ಲಿ ರೋಗಿಯ ಜಾಗದಲ್ಲಿ ಹಸುವಿನ ಮಾಲೀಕರ ಹೆಸರು, ವಿಳಾಸ ಇರಬೇಕು.

ಮಾತ್ರೆ ನಕಲಿ ಎಂದು ಅನುಮಾನ. ಯಾರಿಗೆ ದೂರು ಕೊಡಬೇಕು, ಹೇಗೆ? (ದಾವಣಗೆರೆ)

ಮೊದಲು ಉಳಿದ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸದೆ ಹಾಗೇ ಇಡಿ. ಬಿಲ್ಲು ಇಡಿ. ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ 2023ರ ಆಗಸ್ಟ್ 1ರ ನಂತರ ತಯಾರಾದ ಪ್ಯಾಕಿನಲ್ಲಿ ಕ್ಯೂಆರ್ ಅಥವಾ ಬಾರ್ ಕೋಡ್ ಇರಬೇಕು. ಸ್ಕ್ಯಾನ್ ಮಾಡಿದರೆ ಮೂಲ ಹೆಸರು, ತಯಾರಕರು, ಬ್ಯಾಚ್, ತಯಾರಿಕೆ ಮತ್ತು ಎಕ್ಸ್‌ಪೈರಿ ದಿನಾಂಕ, ತಯಾರಿಕಾ ಪರವಾನಗಿ ಸಂಖ್ಯೆ ಬರುತ್ತವೆ. ಅದರಲ್ಲಿ ಬಂದ ಬ್ಯಾಚ್ ನಂಬರ್ ಸ್ಟ್ರಿಪ್ ಮೇಲಿನದಕ್ಕೆ ಹೊಂದದಿದ್ದರೆ ನಿಮ್ಮ ಅನುಮಾನಕ್ಕೆ ಬಲ ಬಂತು.

ದೂರು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ, ಬರಹದಲ್ಲಿ. ಅಂಗಡಿಯ ಹೆಸರು, ಬಿಲ್ಲಿನ ಸಂಖ್ಯೆ ಮತ್ತು ತಾರೀಖು, ಔಷಧಿ, ಬ್ಯಾಚ್ ನಂಬರ್, ಏನು ತೊಂದರೆ ಕಂಡಿತು ಎಂಬುದು ಅರ್ಧ ಪುಟದಲ್ಲಿರಲಿ. ಬಿಲ್ಲಿನ ಜೆರಾಕ್ಸ್ ಕೊಡಿ, ಮೂಲ ನಿಮ್ಮಲ್ಲೇ ಇರಲಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಇನ್‌ಸ್ಪೆಕ್ಟರ್ ಅಂಗಡಿಗೆ ಹೋಗಿ ಅದೇ ಬ್ಯಾಚಿನ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಅಂಗಡಿಯವರಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಉಳಿದದ್ದು ನ್ಯಾಯಾಲಯಕ್ಕೆ ಮತ್ತು ಅಗತ್ಯವಿದ್ದರೆ ತಯಾರಕರಿಗೆ. ನಿಮ್ಮ ಮನೆಯ ಸ್ಟ್ರಿಪ್‌ಗಿಂತ ಹೀಗೆ ತೆಗೆದ ಮಾದರಿಗೆ ಮೊಕದ್ದಮೆಯಲ್ಲಿ ತೂಕ ಹೆಚ್ಚು. ಅದಕ್ಕೇ ಬ್ಯಾಚಿನ ದಾಸ್ತಾನು ಖಾಲಿಯಾಗುವ ಮೊದಲು, ಆ ವಾರದಲ್ಲೇ ದೂರು ಕೊಡಬೇಕು.

ಇಲಾಖೆಯನ್ನು ಕಾಯದೆ ನೀವೇ ಪರೀಕ್ಷೆ ಮಾಡಿಸುವ ಹಕ್ಕೂ ಇದೆ. 1940ರ ಕಾಯ್ದೆಯ 26ನೇ ಕಲಮಿನಂತೆ ಯಾವುದೇ ಗ್ರಾಹಕ ನಿಗದಿತ ಶುಲ್ಕ ಕಟ್ಟಿ ತಾನು ಕೊಂಡ ಔಷಧಿಯನ್ನು ಸರ್ಕಾರಿ ವಿಶ್ಲೇಷಕರಿಗೆ ಕೊಟ್ಟು ಸಹಿ ಮಾಡಿದ ವರದಿ ಪಡೆಯಬಹುದು. ನಾಲ್ಕೈದು ಮಾತ್ರೆಯಲ್ಲಿ ಎಲ್ಲ ಪರೀಕ್ಷೆ ಆಗುವುದಿಲ್ಲ, ಅದೇ ಬ್ಯಾಚಿನ ಒಡೆಯದ ಪ್ಯಾಕ್‌ಗಳನ್ನೇ ಒಯ್ಯಬೇಕು. ಎಷ್ಟು ಬೇಕು ಎಂಬುದು ಔಷಧಿಯ ಮೇಲೆ ಹೋಗುತ್ತದೆ, ಕೊಳ್ಳುವ ಮೊದಲೇ ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.